ಆಡಿಷನ್‌ಗೆ ಕುಡುಮಿ ಪಾತ್ರ: ಯಾವ ಮೊನೊಲಾಗ್, ಯಾವ ಸೀನ್ ಮಾಡೋದು?

ಸೋಡಾಬುಡ್ಡಿ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಒಂದು ವೆಬ್ ಸರಣಿಗೆ ಆಡಿಷನ್ ಇದೆ. ಪಾತ್ರದ ವಿವರ ಅಂತ ಕಳಿಸಿರೋದು ಇಷ್ಟೇ: "ಹುಡುಗ, 22–26, ತುಂಬಾ ಬುದ್ಧಿವಂತ, ಜನರ ಜೊತೆ ಬೆರೆಯೋಕೆ ಬರಲ್ಲ, ನಗು ಬರಬೇಕು." ಒಂದೂವರೆ ನಿಮಿಷದ ಮೊನೊಲಾಗ್, ಅಂದ್ರೆ ಒಬ್ಬನೇ ಹೇಳೋ ಮಾತು, ನಾವೇ ತರಬೇಕು. ಆಮೇಲೆ ಅಲ್ಲೇ ಒಂದು ಸೀನ್ ಕೊಟ್ಟು ಓದಿಸ್ತಾರಂತೆ.

ಕನ್ನಡದಲ್ಲಿ ಹುಡುಕಿದರೆ ಸಿಗೋದೆಲ್ಲ ಕರ್ಣ, ದುರ್ಯೋಧನ, ಇಲ್ಲಾಂದ್ರೆ ಅಪ್ಪನ ಮುಂದೆ ಕೂಗಾಡೋ ಮಗ. ಪುಸ್ತಕದ ಹುಳುವಿಗೆ ಅಂತ ಯಾರೂ ಏನೂ ಬರೆದೇ ಇಲ್ವಾ? ನಿಮ್ಮ ಹತ್ತಿರ ಇದ್ದರೆ ಹಾಕಿ. ಮಾಡೋದು ಹೇಗೆ ಅಂತಲೂ ಹೇಳಿ. ನಾನು ನಿಜವಾಗ್ಲೂ ಸ್ವಲ್ಪ ಹಾಗೇ ಇರೋನು, ಆದರೆ ಕ್ಯಾಮೆರಾ ಮುಂದೆ ನಿಂತರೆ ಸುಳ್ಳು ಅನ್ನಿಸುತ್ತೆ.

ಮೈಕ್_ಟೆಸ್ಟಿಂಗ್

ಮೊದಲನೇ ಮಾತು: ಶೆಲ್ಡನ್ ಮಾಡಬೇಡ ಗುರು. ಅವನಿರೋ ಇಂಗ್ಲಿಷ್ ಕಾಮಿಡಿ ಧಾರಾವಾಹಿ "ದಿ ಬಿಗ್ ಬ್ಯಾಂಗ್ ಥಿಯರಿ" 2007ರಿಂದ 2019ರವರೆಗೆ ಓಡಿದೆ, ಆಡಿಷನ್ ತೆಗೆದುಕೊಳ್ಳೋರೆಲ್ಲ ಅದನ್ನ ನೋಡಿದ್ದಾರೆ. ನೆಟ್ಟಗೆ ಬೆನ್ನು, ಏರಿಳಿತ ಇಲ್ಲದ ದನಿ, ಮಧ್ಯೆ ಒಂದು ವಿಚಿತ್ರ ನಗು. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ಗೊತ್ತಾಗಿ ಬಿಡುತ್ತೆ.

ಪರದೆ_ಎಳೆಯೋನು

ಹನುಮಂತನಗರದ ಕೆ.ಎಚ್. ಕಲಾಸೌಧದ ಕಡೆ ಓಡಾಡೋ ಹವ್ಯಾಸಿ ತಂಡದವನು ನಾನು. ನಮ್ಮ ತಂಡಕ್ಕೆ ಹೊಸಬರನ್ನ ಆರಿಸುವಾಗ ಮೇಜಿನ ಈ ಕಡೆ ಕೂರ್ತೀನಿ. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಕುಡುಮಿ ಪಾತ್ರ ಅಂದ ಕೂಡಲೇ ಬರೋರು ಮಾಡೋದು ಮೂರೇ ಕೆಲಸ. ಕನ್ನಡಕ ಮೇಲೆ ತಳ್ಳೋದು, ತೊದಲೋದು, ನೆಲ ನೋಡೋದು. ಮೂರೂ ಹೊರಗಿನ ಕೆಲಸ. ಪಾತ್ರಕ್ಕೆ ಏನು ಬೇಕು ಅನ್ನೋದೇ ಕಾಣಿಸಲ್ಲ. ಮುಜುಗರ ಪಡೋ ಮನುಷ್ಯ ಮುಜುಗರ ತೋರಿಸೋಕೆ ಯಾವತ್ತೂ ಹೋಗಲ್ಲ. ಅದನ್ನ ಮುಚ್ಚಿಡೋಕೆ ಪ್ರಾಣ ಕೊಡ್ತಾನೆ. ಎಲ್ಲರ ಹಾಗೆ ಸಲೀಸಾಗಿ ಮಾತಾಡ್ತಿದ್ದೀನಿ ಅಂತ ನಂಬಿಸೋಕೆ ಒದ್ದಾಡ್ತಾನೆ. ನೀವು ಆ ಒದ್ದಾಟ ಮಾಡಿ ಸಾಕು, ಮುಜುಗರ ತಾನಾಗೇ ಬರುತ್ತೆ.

ಇನ್ನೊಂದು. ಅವನು ಎಲ್ಲ ಕಡೆಯೂ ಹಾಗಿರಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಶುರುವಾಗಿದ್ದು. ಒಂದು ಭಾನುವಾರ ಅವರ ಕ್ವಿಜ್‌ಗೆ ಹೋಗಿ ಹಿಂದಿನ ಸಾಲಲ್ಲಿ ಕೂತು ನೋಡಿ. ಆಫೀಸಲ್ಲಿ ಬಾಯೇ ಬಿಡದ ಮನುಷ್ಯ ಅಲ್ಲಿ ಕ್ವಿಜ್ ಮಾಸ್ಟರ್ ಜೊತೆ ಜಗಳ ಆಡ್ತಿರ್ತಾನೆ. ಪಕ್ಕದವನ ಬೆನ್ನಿಗೆ ಗುದ್ದಿ ನಗ್ತಿರ್ತಾನೆ. ಅದೇ ಮನುಷ್ಯ ಊಟಕ್ಕೆ ಅಂತ ಹೊರಗೆ ಬಂದು, ಗುರುತಿಲ್ಲದವರ ಪಕ್ಕ ತಟ್ಟೆ ಹಿಡಿದು ನಿಂತಾಗ ನೋಡಿ. ಭುಜ ಎರಡಿಂಚು ಮೇಲೆ ಹೋಗಿರುತ್ತೆ. ಹಾಗಾಗಿ ಮೊನೊಲಾಗ್ ಆರಿಸುವಾಗ ನಿಮ್ಮನ್ನ ನೀವು ಕೇಳಿಕೊಳ್ಳಿ: ಇವನು ರಾಜನಾಗಿರೋ ಜಾಗ ಯಾವುದು? ಈಗ ಯಾವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ? ಎರಡೂ ಒಂದೇ ಮೊನೊಲಾಗ್‌ನಲ್ಲಿ ಬಂದರೆ ಕೂತವರು ತಲೆ ಎತ್ತಿ ನೋಡ್ತಾರೆ.

ಕನ್ನಡದಲ್ಲಿ ಯಾರೂ ಬರೆದಿಲ್ಲ ಅಂದಿರಲ್ಲ, ಕೈಲಾಸಂ ನೂರು ವರ್ಷದ ಹಿಂದೆಯೇ ಬರೆದಿದ್ದಾರೆ. "ಟೊಳ್ಳುಗಟ್ಟಿ"ಯ ಪುಟ್ಟು ಪುಸ್ತಕದ ಹುಳುವೇ. ಆದರೆ ನಾಟಕ ನಿಲ್ಲೋದು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಾಧು ಕಡೆ. ಹಾಗಾಗಿ ಪುಟ್ಟುನ ಎಲ್ಲರೂ ಗೇಲಿ ಮಾಡೋ ಹಾಗೇ ಆಡ್ತಾರೆ. ಯಾರಾದರೂ ಒಬ್ಬರು ಪುಟ್ಟು ಕಡೆಯಿಂದ ಆಡಲಿ ಅಂತ ನಂಗೆ ತುಂಬಾ ಆಸೆ. ಅಪ್ಪ ಓದು ಅಂದ, ಓದಿದ. ಅವನ ತಪ್ಪೇನು?

ಹೊರಗಿನದು ಬೇಕಾದರೆ ಚೆಕಾವ್‌ನ "ದಿ ಪ್ರಪೋಸಲ್". ಲೊಮೊವ್ ಸೂಟು ಹಾಕಿಕೊಂಡು ಹೆಣ್ಣು ಕೇಳೋಕೆ ಬರ್ತಾನೆ. ಬಂದವನು ಹುಲ್ಲುಗಾವಲು ಯಾರದ್ದು ಅಂತ ಆ ಹುಡುಗಿ ಜೊತೇನೇ ಕಾದಾಡ್ತಾನೆ. ಆಮೇಲೆ ನಾಯಿ ವಿಷಯ. ಮಧ್ಯೆ ಎದೆ ಬಡಿತ, ಕಾಲು ಜೋಮು. ಅವಳು ಒಳಗೆ ಬರೋಕೆ ಮುಂಚೆ ಅವನು ಒಬ್ಬನೇ ನಿಂತು ತನಗೆ ತಾನೇ ಧೈರ್ಯ ಹೇಳಿಕೊಳ್ಳೋ ಮಾತಿದೆ, ಅಷ್ಟು ಸಾಕು. ಇಂಗ್ಲಿಷಿಂದ ಪದಕ್ಕೆ ಪದ ಇಳಿಸಬೇಡಿ, ನಿಮ್ಮ ಮನೆ ಮಾತಿಗೆ ತನ್ನಿ.

ಟಿಆರ್‌ಪಿ_ತಾತ

ಪರದೆ ಅಣ್ಣ ಹೇಳಿದ್ದು ನಾಟಕಕ್ಕೆ ಸರಿ. ನಾನು ಧಾರಾವಾಹಿಗೆ ಸಂಭಾಷಣೆ ಬರೆಯೋನು. ಕಾಮಿಡಿ ಟ್ರ್ಯಾಕ್‌ಗೆ ಕುಡುಮಿ ಬೇಕು ಅಂದರೆ ಅವರಿಗೆ ಬೇಕಾಗಿರೋದು ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಾ ಟಿವಿ ಕಡೆ ಒಮ್ಮೆ ತಿರುಗಿ ನೋಡಿದವರಿಗೂ "ಓ, ಇವನು ಅಂಥವನು" ಅಂತ ಗೊತ್ತಾಗೋ ಮುಖ. ಒಳಗಿನ ಒದ್ದಾಟ ಅಲ್ಲಿಗೆ ತಲುಪೋದೇ ಇಲ್ಲ. ಕನ್ನಡಕ, ಮೇಲಿನ ಗುಂಡಿವರೆಗೂ ಹಾಕಿದ ಶರ್ಟು, ಎಣ್ಣೆ ತಲೆ, ಇದನ್ನೆಲ್ಲ ಬೈಬೇಡಿ. ಬಾಡಿಗೆ ಕಟ್ಟೋದು ಅದೇ.

ಪರದೆ_ಎಳೆಯೋನು

ತಾತ, ನಿಮ್ಮ ಮಾತು ಒಪ್ಪಿದೆ, ಅರ್ಧ. ಇವರು ಹೋಗ್ತಿರೋದು ವೆಬ್ ಸರಣಿಗೆ. ಅಲ್ಲಿ ಕ್ಲೋಸಪ್ ಜಾಸ್ತಿ. 2017ರಲ್ಲಿ ಬಂದ "ಒಂದು ಮೊಟ್ಟೆಯ ಕಥೆ" ನೆನಪು ಮಾಡಿಕೊಳ್ಳಿ. ತಲೆಗೂದಲು ಉದುರಿದ ಕನ್ನಡ ಮೇಷ್ಟ್ರು, ಮದುವೆ ಆಗ್ತಿಲ್ಲ. ರಾಜ್ ಬಿ. ಶೆಟ್ಟಿ ಅವರು ಆ ಪಾತ್ರದಲ್ಲಿ ನಗಿಸೋಕೆ ಅಂತ ಏನಾದರೂ ಮಾಡಿದ್ದಾರಾ? ಸುಮ್ನೆ ನಿಂತಿದ್ದಾರೆ. ಜನ ಬಿದ್ದು ಬಿದ್ದು ನಕ್ಕರು.

ಟಿಆರ್‌ಪಿ_ತಾತ

ಅವರೇ ಬರೆದು, ಅವರೇ ನಿರ್ದೇಶಿಸಿ, ಅವರೇ ಆಡಿದ್ದು ಸ್ವಾಮಿ. ಸೋಡಾಬುಡ್ಡಿಗೆ ಸಿಗೋದು ಒಂದೂವರೆ ನಿಮಿಷ.

ಬಸ್_ಪಾಸ್_ಭಟ್ಟ

ಜಗಳ ಆಮೇಲೆ ಆಡಿ, ಹುಡುಗನಿಗೆ ಮೊನೊಲಾಗ್ ಬೇಕಲ್ವಾ. ನಾನು ಬರೆದಿದ್ದು ಒಂದಿದೆ, ಬೇಕಾದವರು ತಗೊಳ್ಳಿ, ಹೆಸರು ಹಾಕಬೇಕಿಲ್ಲ. ಜಾಗ: ಸಿಲ್ಕ್ ಬೋರ್ಡ್ ಬಸ್ ಸ್ಟಾಪ್, ಸಂಜೆ. ಪಕ್ಕದಲ್ಲಿ ಆಫೀಸಿನ ಹುಡುಗಿ, ಹೆಬ್ಬಾಳಕ್ಕೆ ಹೋಗಬೇಕು.

"500ಡಿನಾ? ಹತ್ತಬೇಡಿ. ಅಂದ್ರೆ... ಹತ್ತಬಹುದು, ನಿಮ್ಮಿಷ್ಟ. ಬಸ್ಸು ಬಿಎಂಟಿಸಿದು, ನಂದಲ್ಲ. (ತಾನೇ ನಗುತ್ತಾನೆ. ಅವಳು ನಗಲ್ಲ.) ಯಾಕೆ ಹೇಳ್ದೆ ಅಂದ್ರೆ, ಇದು ತುಂಬಿದೆ. ತುಂಬಿದೆ ಅಂದ್ರೆ ಲೇಟಾಗಿದೆ. ಲೇಟಾದ ಬಸ್ಸಿಗೆ ಪ್ರತಿ ಸ್ಟಾಪಲ್ಲೂ ಜನ ಜಾಸ್ತಿ ಸೇರಿರ್ತಾರೆ. ಅವರು ಹತ್ತೋಷ್ಟರಲ್ಲಿ ಇನ್ನೂ ಲೇಟು. ಹಿಂದಿನ ಬಸ್ಸಿಗೆ ಜನಾನೇ ಉಳಿದಿರಲ್ಲ. ಅದು ಸರಸರ ಬಂದು ಇದರ ಬಾಲ ಹಿಡಿಯುತ್ತೆ. ಅದಕ್ಕೇ ಅರ್ಧ ಗಂಟೆ ಒಂದೂ ಇಲ್ಲ, ಬಂದ್ರೆ ಎರಡು ಒಟ್ಟಿಗೆ. ಡ್ರೈವರ್‌ಗಳು ಮಾತಾಡ್ಕೊಂಡು ಬರ್ತಾರೆ ಅಂತ ಎಲ್ಲರೂ ಬೈತಾರೆ. ಇಲ್ಲ. ಅದು ಗಣಿತ. ಯಾರ ತಪ್ಪೂ ಅಲ್ಲ. ನಂಗೆ ಅದು ತುಂಬಾ ಇಷ್ಟ. ಯಾರ ತಪ್ಪೂ ಅಲ್ಲ ಅನ್ನೋದು. (ವಿರಾಮ) ನಾವಿಬ್ರೂ ಒಂದೇ ಫ್ಲೋರು. ನೀವು ನೀರಿನ ಕ್ಯಾನ್ ಹತ್ರ ಕೂರ್ತೀರಿ. ನಾನು ಅಲ್ಲಿಗೆ ಬರ್ತಿರ್ತೀನಿ... ನೀರು ಜಾಸ್ತಿ ಕುಡೀಬೇಕು ಅಂತ ಡಾಕ್ಟರ್ ಹೇಳಿದಾರೆ. ಇಲ್ಲ. ಡಾಕ್ಟರ್ ಏನೂ ಹೇಳಿಲ್ಲ. ನಾನೇ ಕುಡೀತೀನಿ. ಹಾಂ, ನೋಡಿ, ಬಂತು! ಹೇಳ್ಲಿಲ್ವಾ? ಖಾಲಿ! ಕಿಟಕಿ ಸೀಟೂ ಇದೆ. ಹೋಗಿ, ಹೋಗಿ. ನಾನಾ? ಇಲ್ಲ, ನಂದು ಆ ಕಡೆ, ರಸ್ತೆ ದಾಟಿ. ಇಲ್ಲಿ ಯಾಕೆ ನಿಂತಿದ್ದೆ ಅಂದ್ರೆ... (ಬಸ್ಸು ಹೊರಡುತ್ತದೆ. ಕೈ ಎತ್ತುತ್ತಾನೆ, ಇಳಿಸುತ್ತಾನೆ.) ಕರೆಕ್ಟಾಗೇ ಹೇಳ್ದೆ. ಛೇ. ಸ್ವಲ್ಪ ತಪ್ಪು ಹೇಳಬಹುದಿತ್ತು."

ಮೈಕ್_ಟೆಸ್ಟಿಂಗ್

"ಸ್ವಲ್ಪ ತಪ್ಪು ಹೇಳಬಹುದಿತ್ತು" 😂 ಭಟ್ರೇ, ನಮಸ್ಕಾರ ನಿಮಗೆ.

ಸಂಸ_ಬಯಲಲ್ಲಿ_ಸವಿತಕ್ಕ

ಚೆನ್ನಾಗಿದೆ. ಆದರೆ ನೀರಿನ ಕ್ಯಾನ್ ಸಾಲು ಜೋಪಾನ. ಹುಡುಗಿ ಎಲ್ಲಿ ಕೂರ್ತಾಳೆ ಅಂತ ಗಮನಿಸಿರೋ ಗಂಡಸು, ಸಂಜೆ ಹೊತ್ತು, ಬಸ್ ಸ್ಟಾಪು. ಆ ಮಾತು ಹೇಳುವಾಗ ಅವನು ಅವಳ ಕಡೆ ಒಂದು ಹೆಜ್ಜೆ ಇಟ್ಟರೆ ನೋಡೋರಿಗೆ ಹೆದರಿಕೆ ಆಗುತ್ತೆ. ಹೇಳಿ ಆದ ಮೇಲೆ ತಾನೇ ಗಾಬರಿಯಾಗಿ ಹಿಂದೆ ಸರಿದರೆ ನಗು ಬರುತ್ತೆ. ಮಾತು ಅದೇ, ಕಾಲು ಬೇರೆ. ನಮ್ಮ ಸಿನಿಮಾಗಳಲ್ಲಿ ಬೆನ್ನು ಹತ್ತೋದನ್ನೇ ಪ್ರೀತಿ ಅಂತ ತೋರಿಸಿ ತೋರಿಸಿ ಈ ವ್ಯತ್ಯಾಸವೇ ಎಷ್ಟೋ ಹುಡುಗರಿಗೆ ತಿಳಿಯಲ್ಲ. "ಡಾಕ್ಟರ್ ಏನೂ ಹೇಳಿಲ್ಲ" ಅನ್ನೋದೇ ಈ ಮೊನೊಲಾಗ್‌ನ ಪ್ರಾಣ. ಅವನಿಗೆ ಸುಳ್ಳು ಹೇಳೋಕೂ ಬರಲ್ಲ. ಅಲ್ಲಿ ಅವಸರ ಮಾಡಬೇಡಿ.

ಮತ್ತೆ, ಎಲ್ಲರೂ ಹುಡುಗನ ಬಗ್ಗೆಯೇ ಬರೀತಿದ್ದೀರಿ. ಕುಡುಮಿ ಹುಡುಗಿಯರು ಇಲ್ವಾ? ನಮಗೆ ಬರೋ ಪಾತ್ರದಲ್ಲಿ ಕನ್ನಡಕ ತೆಗೆದು ಕೂದಲು ಬಿಟ್ಟರೆ ಸುಂದರಿ ಆಗಿಬಿಡಬೇಕು. ಅಲ್ಲಿಗೆ ಅವಳ ಕಥೆ ಮುಗೀತು.

ಕಲ್ಲು_ಮಣ್ಣು_ಎಂಎಸ್ಸಿ

ಸವಿತಕ್ಕ, ಇದು ನಿಮಗೆ. ನಾನು ಭೂವಿಜ್ಞಾನ ಓದಿದವಳು, ಕಾಲೇಜು ರಂಗೋತ್ಸವಕ್ಕೆ ಬರೆದುಕೊಂಡಿದ್ದೆ. ಲಾಲ್‌ಬಾಗ್ ಬಂಡೆ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ.

"ಕೂತ್ಕೋ. ಅಲ್ಲಲ್ಲ, ಹಾಗೆ ಸುಮ್ನೆ ಕೂರಬೇಡ. ಯಾವುದರ ಮೇಲೆ ಕೂರ್ತಿದೀಯ ಗೊತ್ತಾ? ಮುನ್ನೂರು ಕೋಟಿ ವರ್ಷ ಇದಕ್ಕೆ. ಡೈನೋಸಾರ್ ಎಲ್ಲ ಮೊನ್ನೆ ಮೊನ್ನೆ ಬಂದಿದ್ದು. ಈ ಕಲ್ಲು ಹುಟ್ಟಿದಾಗ ಮರ ಇಲ್ಲ, ಮೀನಿಲ್ಲ, ಹುಲ್ಲೂ ಇಲ್ಲ. ಎಲ್ಲರೂ ಗೋಪುರದ ಮುಂದೆ ಫೋಟೋ ತೆಗೆಸ್ಕೋತಾರೆ, ಕಲ್ಲಿನ ಮೇಲೆ ಚಪ್ಪಲಿ ಹಾಕ್ಕೊಂಡು ನಿಂತು. ಇಲ್ಲಿ ನೋಡು, ಈ ಪಟ್ಟೆ. ಕಪ್ಪು, ಬಿಳಿ, ಕಪ್ಪು, ಬಿಳಿ. ಭೂಮಿ ಒಳಗೆ ಶಾಖ, ಒತ್ತಡ. ಒತ್ತಡ ಬಿದ್ರೆ ಕಲ್ಲೂ ಬೇರೆ ಆಗುತ್ತೆ. ನಂಗೆ ಒತ್ತಡ ಬಿದ್ರೆ ಕಲ್ಲಿನ ಬಗ್ಗೆ ಮಾತಾಡ್ತೀನಿ. (ವಿರಾಮ) ನೀನು ಪಾನಿಪುರಿ ತಿನ್ನೋಣ ಅಂದೆ. ನಾನು ಕಲ್ಲು ತೋರಿಸ್ತೀನಿ ಅಂದೆ. ಇಲ್ಲಿಗೆ ನಾನು ಯಾರನ್ನೂ ಕರ್ಕೊಂಡು ಬಂದಿಲ್ಲ. ಅಂದ್ರೆ, ಜನ ಬರ್ತಾರೆ, ಸಾವಿರಾರು ಜನ ಬರ್ತಾರೆ, ಟಿಕೆಟ್ ತಗೊಂಡು. ಆದ್ರೆ ನಾನು ಕರ್ಕೊಂಡು ಬಂದಿಲ್ಲ. ಅರ್ಥ ಆಯ್ತಾ? ಆಯ್ತು ತಾನೇ? ಈಗ ನೀನೇನಾದ್ರೂ ಹೇಳು. ಬೇಗ ಹೇಳು. ಇಲ್ಲಾಂದ್ರೆ ನಾನು ಖನಿಜಗಳ ಹೆಸರು ಶುರು ಮಾಡ್ತೀನಿ. (ಉತ್ತರ ಇಲ್ಲ) ...ಕ್ವಾರ್ಟ್ಜ್. ಫೆಲ್ಡ್‌ಸ್ಪಾರ್. ಬಯೊಟೈಟ್."

ಇದನ್ನ ಹೇಳುವಾಗ ಕಲ್ಲನ್ನ ನಿಜವಾಗ್ಲೂ ಮುಟ್ಟಬೇಕು. ಆಡಿಷನ್ ಕೋಣೆ ನೆಲಕ್ಕೆ ಕೈ ಇಟ್ಟರೂ ಸರಿ. ಮೊದಲ ಅರ್ಧದಲ್ಲಿ ಇವಳಿಗೆ ಒಂದಿಷ್ಟೂ ಮುಜುಗರ ಇಲ್ಲ, ಅವಳಷ್ಟು ಖುಷಿಯಾಗಿರೋರು ಲಾಲ್‌ಬಾಗಲ್ಲೇ ಯಾರೂ ಇಲ್ಲ. ಕಲ್ಲಿಂದ ಕಣ್ಣು ಎತ್ತಿ ಆ ಹುಡುಗನ ಮುಖ ನೋಡಿದಾಗಲೇ ಎಡವಟ್ಟು ಶುರು.

ಅಂದಹಾಗೆ, ಮೇಲೆ ಕೈಲಾಸಂ ಹೆಸರು ಬಂತು. ಅವರೂ ನಮ್ಮವರೇ. ಲಂಡನ್‌ಗೆ ಹೋಗಿ ಭೂವಿಜ್ಞಾನ ಓದಿ ಬಂದು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿದ್ದವರು.

ಸಂಸ_ಬಯಲಲ್ಲಿ_ಸವಿತಕ್ಕ

ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಹತ್ತಿರ ನಕ್ಕೆ, ಬಯೊಟೈಟ್‌ಗೆ ಕಣ್ಣು ಒದ್ದೆ ಆಯ್ತು. ಇದನ್ನ ನಾನು ಮಾಡ್ತೀನಿ ಕಣೇ. ನಂಗೆ ವಯಸ್ಸು ಜಾಸ್ತಿ ಅನ್ನೋರು ಅನ್ನಲಿ.

ಪುತ್ತೂರು_ಟು_ಪೀಣ್ಯ

ನಂದೊಂದು ದೂರು ಇದೆ. ನಾನು ದಕ್ಷಿಣ ಕನ್ನಡದವ. "ಹೋಗುವುದಾ", "ಎಂತ ಮಾಡುವುದು" ಅಂತ ನಾವು ಸಹಜವಾಗಿ ಮಾತಾಡಿದರೆ ಬೆಂಗಳೂರಿನವರಿಗೆ ಅದು ಪುಸ್ತಕದ ಭಾಷೆ ಅನ್ನಿಸ್ತದೆ. ಕುಡುಮಿ ಪಾತ್ರ ಬಂದರೆ ಸಾಕು, "ನಿಮ್ಮ ಮಂಗಳೂರು ಕನ್ನಡದಲ್ಲಿ ಮಾಡಿ, ಕಾಮಿಡಿ ಆಗ್ತದೆ" ಅಂತಾರೆ. ಒಂದು ಕಡೆ ಯಕ್ಷಗಾನದ ಅರ್ಥಗಾರಿಕೆ ಹಾಗೆ ಎಳೆದು ಹೇಳಿ ಅಂದರು. ನಮ್ಮ ಊರಲ್ಲಿ ಮೀನು ಮಾರುವವರೂ ಹೀಗೇ ಮಾತಾಡುವುದು ಮಾರಾಯ್ರೆ, ಅದು ಪಾಂಡಿತ್ಯ ಅಲ್ಲ.

ಪರದೆ_ಎಳೆಯೋನು

ಇದು ನಿಜವಾದ ಮಾತು. ಕಲಬುರಗಿ ಕಡೆಯವರಿಗೆ ರೌಡಿ ಪಾತ್ರ, ಕರಾವಳಿಯವರಿಗೆ ಮೇಷ್ಟ್ರು ಪಾತ್ರ ಅಂತ ಹಂಚಿಬಿಟ್ಟಿದ್ದಾರೆ. ಸೋಡಾಬುಡ್ಡಿ, ನೀವು ಬಸವನಗುಡಿಯವರಾದರೆ ಬಸವನಗುಡಿ ಕನ್ನಡದಲ್ಲೇ ಮಾಡಿ. ನಿಮ್ಮದಲ್ಲದ ಊರಿನ ಮಾತನ್ನ ನಗಿಸೋಕೆ ಸಾಲ ತರಬೇಡಿ.

ಅನಾಮಿಕ_77

ತೊದಲೋದರ ಬಗ್ಗೆಯೂ ಒಂದು ಮಾತು. ನಂಗೆ ಚಿಕ್ಕಂದಿನಿಂದ ಉಗ್ಗು ಇದೆ. ಉಗ್ಗು ಇರೋರೆಲ್ಲ ಹೆದರುಪುಕ್ಕಲರಲ್ಲ, ಹೆದರುಪುಕ್ಕಲರೆಲ್ಲ ಉಗ್ಗಲ್ಲ. ಆಟಿಸಂ ವಿಷಯದಲ್ಲೂ ಅಷ್ಟೇ, ಕಣ್ಣಲ್ಲಿ ಕಣ್ಣಿಟ್ಟು ನೋಡದೇ ಇರೋದನ್ನ ಜೋಕ್ ಮಾಡಬೇಡಿ. ಪಾತ್ರಕ್ಕೆ ಅದು ಇದೆ ಅಂತ ಅವರೇ ಬರೆದಿದ್ದರೆ ಆ ಮಾತು ಬೇರೆ. ಬರೆದಿಲ್ಲ ಅಂದರೆ ಮೇಲೆ ಅಂಟಿಸಬೇಡಿ. ಮಾತು ತಡವರಿಸಬೇಕು ಅಂದರೆ ಅದಕ್ಕೆ ಕಾರಣ ಇರಲಿ. ಭಟ್ಟರ ಹುಡುಗ ಬಸ್ಸಿನ ಬಗ್ಗೆ ಹೇಳುವಾಗ ಎಲ್ಲೂ ತಡವರಿಸಲ್ಲ, ತನ್ನ ಬಗ್ಗೆ ಹೇಳುವಾಗ ಮಾತ್ರ ತಡವರಿಸ್ತಾನೆ. ಅದು ಸರಿ.

ಟಿಆರ್‌ಪಿ_ತಾತ

ಒಪ್ಪಿದೆ ಕಣಪ್ಪ. ನಾನೇ ಎಷ್ಟೋ ಸ್ಕ್ರಿಪ್ಟಲ್ಲಿ "ತೊದಲುತ್ತಾ" ಅಂತ ಕಂಸದಲ್ಲಿ ಹಾಕಿದ್ದೀನಿ. ಇನ್ನು ಯೋಚನೆ ಮಾಡ್ತೀನಿ.

ಅಲ್ಲೇ ಕೊಟ್ಟು ಓದಿಸೋ ಸೀನ್‌ಗೆ ತಯಾರಿ ಬೇಕಲ್ಲ, ಅದಕ್ಕೆ ಒಂದು ತುಣುಕು ಕೊಡ್ತೀನಿ, ಗೆಳೆಯರ ಜೊತೆ ಓದಿ ಅಭ್ಯಾಸ ಮಾಡಿ. ಹೆಣ್ಣು ನೋಡೋ ಶಾಸ್ತ್ರ. ದೊಡ್ಡವರು "ಇಬ್ರೂ ಮಾತಾಡ್ಕೊಳ್ಳಿ" ಅಂತ ಟೆರೇಸಿಗೆ ಕಳಿಸಿದ್ದಾರೆ. ಇಬ್ಬರೂ ಕುಡುಮಿಗಳೇ.

ಅವನು: ಟ್ಯಾಂಕ್ ಸಾವಿರ ಲೀಟರಾ?
ಅವಳು: ಹಾಂ?
ಅವನು: ಮನೇಲಿ ಐದು ಜನ ಅಂದ್ರಲ್ಲ. ಸಾಕಾಗುತ್ತಾ ಅಂತ.
ಅವಳು: ನಾಲ್ಕು. ಅಜ್ಜಿ ಶಿವಮೊಗ್ಗಕ್ಕೆ ಹೋಗಿದಾರೆ.
ಅವನು: ಹಾಗಾದ್ರೆ ಸಾಕು. (ಮೌನ) ಒಳ್ಳೇದಾಯ್ತು.
ಅವಳು: ಕೇಸರಿಬಾತ್ ನಾನು ಮಾಡಿದ್ದಲ್ಲ.
ಅವನು: ಗೊತ್ತು. ಅಡುಗೆಮನೇಲಿ ಹೋಟೆಲ್ ಡಬ್ಬಿ ಇತ್ತು.
ಅವಳು: ಮತ್ತೆ ಅಮ್ಮನ ಹತ್ರ ಅಷ್ಟೊಂದು ಹೊಗಳಿದ್ರಿ?
ಅವನು: ಚೆನ್ನಾಗಿತ್ತಲ್ಲ. ಯಾರು ಮಾಡಿದ್ರು ಅಂತ ಅವರು ಕೇಳ್ಲಿಲ್ಲ.
ಅವಳು: (ನಗು ತಡೆದು) ಹತ್ತು ನಿಮಿಷಕ್ಕೆ ಕೆಳಗೆ ಬನ್ನಿ ಅಂದಿದ್ರು.
ಅವನು: ಇನ್ನೂ ನಾಲ್ಕಿದೆ.
ಅವಳು: ವಾಚ್ ನೋಡ್ತಾನೇ ಇದೀರಿ. ಬೇಜಾರಾ?
ಅವನು: ಮುಗಿದುಹೋಗುತ್ತಲ್ಲ ಅಂತ ನೋಡ್ತಿದ್ದೆ. (ಏನು ಹೇಳಿದೆ ಅಂತ ತಡವಾಗಿ ಹೊಳೆಯುತ್ತದೆ) ಅಲ್ಲಿ ಪೈಪ್ ಸೋರ್ತಿದೆ ನೋಡಿ.
ಅವಳು: ಸೋರ್ತಿಲ್ಲ.
ಅವನು: ಇಲ್ಲ. ಸೋರ್ತಿಲ್ಲ.

ಇದರಲ್ಲಿ ಕೆಲಸ ಇರೋದು ಕೇಳಿಸಿಕೊಳ್ಳೋದರಲ್ಲಿ. ಮುಂದಿನ ಸಾಲು ಹುಡುಕ್ತಾ ಕಾಗದ ನೋಡಬೇಡಿ. ಅವಳು "ಬೇಜಾರಾ" ಅಂದಾಗ ಮುಖ ನೋಡಿಯೇ ಉತ್ತರ ಬರಬೇಕು.

ಸೋಡಾಬುಡ್ಡಿ_ಬಸವನಗುಡಿ

ಅಯ್ಯೋ, ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಬಸ್ಸಿನದು ಮಾಡ್ತೀನಿ. ಎರಡು ಅನುಮಾನ. ಗಡಿಯಾರ ಇಟ್ಟು ಹೇಳಿದರೆ ಒಂದೂವರೆ ನಿಮಿಷ ದಾಟ್ತಿದೆ. ಆಮೇಲೆ ಕೈ. ಕೈ ಎಲ್ಲಿಡೋದು ಅಂತ ಗೊತ್ತಾಗ್ತಿಲ್ಲ. ಅವರು ಈಗ ಮೊದಲು ಸೆಲ್ಫ್ ಟೇಪ್ (ನಾವೇ ಮನೇಲಿ ರೆಕಾರ್ಡ್ ಮಾಡಿದ ವಿಡಿಯೋ) ಕಳಿಸಿ ಅಂತಾನೂ ಹೇಳ್ತಿದ್ದಾರೆ.

ಬಸ್_ಪಾಸ್_ಭಟ್ಟ

ಡ್ರೈವರ್‌ಗಳನ್ನ ಬೈಯೋ ಸಾಲು ತೆಗೆದುಬಿಡಿ. ವೇಗ ಹೆಚ್ಚಿಸಿ ಉಳಿಸೋಕೆ ಹೋಗಬೇಡಿ, ಗಣಿತದ ಭಾಗ ಬೇಗ ಹೇಳಬಹುದು, ಕೊನೆ ಮೂರು ಸಾಲಿಗೆ ಜಾಗ ಬಿಡಿ.

ಪರದೆ_ಎಳೆಯೋನು

ಕೈಗೆ ಕೆಲಸ ಕೊಡಿ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇರಲಿ, ಅದರ ಪಟ್ಟಿ ಹಿಡಿದುಕೊಳ್ಳಿ. ಬಸ್ ಬಗ್ಗೆ ಮಾತಾಡುವಾಗ ಕೈ ತಾನಾಗೇ ಪಟ್ಟಿ ಬಿಟ್ಟು ರಸ್ತೆ ತೋರಿಸುತ್ತೆ. ನೀರಿನ ಕ್ಯಾನ್ ಬಂದಾಗ ಮತ್ತೆ ಪಟ್ಟಿಗೆ ಹೋಗುತ್ತೆ. ಇದನ್ನ ಮೊದಲೇ ಲೆಕ್ಕ ಹಾಕಿ ಮಾಡಬೇಡಿ, ಮನೇಲಿ ನಿಂತು ಹೇಳಿ ನೋಡಿ, ಕೈಯೇ ಹೇಳಿಕೊಡುತ್ತೆ. ಕನ್ನಡಕ ನಿಮಗೆ ನಿಜವಾಗ್ಲೂ ಇದ್ದರೆ ಹಾಕಿಕೊಳ್ಳಿ, ಆದರೆ ಕಿಟಕಿ ಬೆಳಕು ಗಾಜಿಗೆ ಹೊಡೆದು ಕಣ್ಣು ಮುಚ್ಚಿಹೋಗದ ಹಾಗೆ ತಲೆ ಸ್ವಲ್ಪ ತಗ್ಗಿಸಿ. ಬರೀ ಫ್ರೇಮ್ ಹಾಕೋದು ಬೇಡ, ಗೊತ್ತಾಗುತ್ತೆ.

ಮೈಕ್_ಟೆಸ್ಟಿಂಗ್

ಸೆಲ್ಫ್ ಟೇಪ್‌ಗೆ: ಅವರು ಬೇರೆ ಹೇಳದಿದ್ದರೆ ಫೋನ್ ಅಡ್ಡ ಇಡಿ, ಎದೆಯಿಂದ ಮೇಲೆ ಬರಲಿ, ಹಿಂದೆ ಖಾಲಿ ಗೋಡೆ. ಕಿಟಕಿ ನಿಮ್ಮ ಮುಂದೆ ಇರಲಿ, ಬೆನ್ನ ಹಿಂದೆ ಬೇಡ. ಹುಡುಗಿ ನಿಂತಿದ್ದಾಳೆ ಅಂತ ಲೆನ್ಸ್ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ ಅದನ್ನ ನೋಡಿ, ಲೆನ್ಸನ್ನೇ ನೋಡಬೇಡಿ. ಬಸ್ಸು ಬರೋ ಕಡೆ ಇನ್ನೊಂದು ಚೀಟಿ. ಹೆಸರು, ಎತ್ತರ, ಊರು ಹೇಳೋ ಪರಿಚಯದಲ್ಲಿ ಪಾತ್ರದ ಥರ ಆಡಬೇಡಿ, ಅಲ್ಲಿ ನೀವು ನೀವೇ ಆಗಿರಿ. ಎರಡರ ಮಧ್ಯದ ವ್ಯತ್ಯಾಸ ಕಂಡರೆ ನಟನೆ ಬರುತ್ತೆ ಅಂತ ಅವರಿಗೂ ಗೊತ್ತಾಗುತ್ತೆ. ಫ್ಯಾನ್ ಆಫ್ ಮಾಡಿ.

ಸೋಡಾಬುಡ್ಡಿ_ಬಸವನಗುಡಿ

ಫ್ಯಾನ್ ಆಫ್ ಮಾಡಿದರೆ ಅಮ್ಮ ಬೈತಾರೆ, ಆದರೂ ಮಾಡ್ತೀನಿ. ಇವತ್ತು ರಾತ್ರಿ ತಮ್ಮನ್ನ ಹುಡುಗಿ ಜಾಗದಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡ್ತಿದ್ದೀನಿ.

ಟಿಆರ್‌ಪಿ_ತಾತ

ಫೈಲಿಗೆ ನಿನ್ನ ಹೆಸರು, ಪಾತ್ರದ ಹೆಸರು ಹಾಕಿ ಕಳಿಸಪ್ಪ. "ಫೈನಲ್ ಫೈನಲ್ ಹೊಸದು" ಅಂತ ಕಳಿಸಿದವರ ಟೇಪು ನಮ್ಮ ಕಂಪ್ಯೂಟರಲ್ಲಿ ಇನ್ನೂ ಬಿದ್ದಿದೆ, ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ.